ಕೋಡಿಬಾಗದ ಬಾರ್ಕರೋಲ್

ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ
ಸದಾಶಿವಗಡದಿಂದ ಕೋಡಿಬಾಗಕ್ಕೆ
ಪಿಯಾನೋ ದಾಟಿಸಿದವನು ನನ್ನಪ್ಪ, ದುಲಬಾ ತಾಂಡೇಲ.
ಗೋಣಿತಾಟು ಸುತ್ತಿದ್ದರು, ತೆಂಗಿನ ಹಗ್ಗ ಬಿಗಿದಿದ್ದರು,
ಅಲೆ ತಟ್ಟಿದಾಗೆಲ್ಲ ಒಳಗಿಂದ ಏನೋ ಗುಂಯ್ ಅಂದಿತಂತೆ.
ಗಬ್ಬದ ಎಮ್ಮೆಗಿಂತ ಭಾರ ಅಂದ,
ಕೊಟ್ಟ ಹದಿನೈದು ರೂಪಾಯಿ ಮುಟ್ಟದೆ
ನನ್ನತ್ತ ಗದ್ದ ಎತ್ತಿ ತೋರಿಸಿದ: ಇವಳಿಗೆ ಕಲಿಸಿ.

ಎರ್ಮೆಲಿಂಡಾ ಟೀಚರ್
ಮೀನು ತಿಂದ ಕೈಯನ್ನು ಮೂಸಿ ನೋಡಿಯೇ ಸ್ಟೂಲಿಗೆ ಬಿಡುತ್ತಿದ್ದರು.
ಏಳನೆಯ ವರ್ಷ ಆ ಹಾಳೆಗಳನ್ನು ತೆಗೆದರು.
ಬಾರ್ಕರೋಲ್. ಬಾರ್ಕಾ ಅಂದರೆ ದೋಣಿ,
ನಿನಗೆ ಬೇರೆ ಹೇಳಬೇಕೆ?

ದೂರದಲ್ಲೊಂದು ಊರಂತೆ, ಬೀದಿಗಳೆಲ್ಲ ನೀರು.
ಅಲ್ಲಿನ ಅಂಬಿಗರು ಹುಟ್ಟು ಹಾಕುತ್ತ ಗುನುಗಿದ್ದು ಹಾಡಾಯಿತು,
ಹಾಡು ನಾಟಕದೊಳಗೆ ಹೊಕ್ಕಿತು,
ನಾಟಕದಿಂದ ದೊಡ್ಡ ಮನೆಗಳ ಪಿಯಾನೋಕ್ಕೆ.
ಮಾತು ಉದುರಿತು. ತೂಗುವುದು ಉಳಿಯಿತು.
ಇದನ್ನು ಬರೆದವನು ಕೆಮ್ಮುತ್ತಿದ್ದ ಮನುಷ್ಯ,
ಆ ಊರಿನ ನೀರು ಕಂಡವನೇ ಅಲ್ಲವಂತೆ.
ಮತ್ತೆ ಹೇಗೆ ಗೊತ್ತಾಯ್ತು? ಅಂದೆ.
ಟೀಚರ್ ಕನ್ನಡಕ ಒರೆಸಿಕೊಂಡರು.

ಅಂಬಿಗರ ಹಾಡಿಗೆ ಆರು ಮಾತ್ರೆ ಸಾಕು,
ಇವನು ಹನ್ನೆರಡು ಇಟ್ಟ:
ಹಳ್ಳಕ್ಕಲ್ಲ, ಹೊಳೆಬಾಯಿಗೆ ಇಳಿಯುವವನ ಉಸಿರು.
ಎಡಗೈ ಹುಟ್ಟು.
ಬಲಗೈಯಲ್ಲಿ ಇಬ್ಬರು, ಒಂದೇ ಹಲಗೆಯ ಮೇಲೆ ಕೂತು
ಒಂದೇ ಮಾತು ಆಡುತ್ತಾರೆ,
ಒಬ್ಬರಿಗಿಂತ ಒಬ್ಬರು ಎರಡು ಮೆಟ್ಟಿಲು ಕೆಳಗೆ.
ನಮ್ಮ ಭಜನೆಯ ಪೆಟ್ಟಿಗೆಯವರು ಕರಿ ಮೂರು ಅನ್ನುತ್ತಾರಲ್ಲ,
ಶ್ರುತಿ ಅದು.
ಬೆರಳೆಲ್ಲ ಕರಿಮನೆಗಳ ಮೇಲೆ. ಕಿಟಕಿಯಾಚೆ ಕಾಳಿ.
ನಡುವೆ ಗಾಳಿ ಬಿದ್ದು ಶ್ರುತಿ ಬದಲಾಗುತ್ತದೆ,
ಆಮೇಲೆ ಹೋದ ಹಾಡೇ ಮರಳುತ್ತದೆ,
ಆದರೆ ದೋಣಿ ಈಗ ತುಂಬಿದೆ, ಅಂಚಿಗೆ ನೀರು ಬಂದಿದೆ.

ಒಂದು ಎರಡು ಮೂರು, ಒಂದು ಎರಡು ಮೂರು,
ಹಾಳೆಯ ತುಂಬ ಪೆನ್ಸಿಲಿನ ಅಂಕಿ.
ಕರೆಯಲು ಬಂದ ಅಪ್ಪ ಮೆಟ್ಟಿಲ ಮೇಲೆ ಬೀಡಿ ಮುಗಿಸಿ
ಈ ದೋಣಿ ಮುಳುಗುತ್ತದೆ ಬಾಯೇ, ಅಂದ.
ಟೀಚರಿಗೆ ಸಿಟ್ಟು ಬರಲಿಲ್ಲ. ಯಾಕೆ?
ಅಪ್ಪ ಖಾಲಿ ಕೈಯಲ್ಲಿ ಎಳೆದು ತೋರಿಸಿದ.
ಎಳೆಯುವುದು ಉದ್ದ. ಆಮೇಲೆ ಹುಟ್ಟು ನೀರು ಬಿಟ್ಟು ಮೇಲೇಳುತ್ತದೆ,
ಹನಿ ಉದುರುತ್ತದೆ,
ಆಗ ಯಾರೂ ಏನೂ ಮಾಡುವುದಿಲ್ಲ, ದೋಣಿ ತಾನೇ ಹೋಗುತ್ತದೆ.
ಇವಳು ಆಗಲೂ ಎಳೆಯುತ್ತಾಳೆ.

ಟೀಚರ್ ರಬ್ಬರು ತಂದು ಅಂಕಿಗಳನ್ನು ಅಳಿಸಿದರು
ಹಾಳೆ ತೆಳುವಾಗುವವರೆಗೆ,
ಆ ಜಾಗದಲ್ಲಿ ಕೊಂಕಣಿಯಲ್ಲಿ ಬರೆದರು: ವಾರೆಂ.
ಗಾಳಿ.

ಇನ್ನೊಂದು ಹೇಳಬೇಕು. ಆ ಪಿಯಾನೋದ ಕೆಳಗಡೆಯ
ಎರಡು ಕರಿಮನೆ ಉಪ್ಪುಗಾಳಿಗೆ ಸತ್ತಿದ್ದವು.
ಮಡಗಾಂವಿನ ಶ್ರುತಿಗಾರ ಒಳಗೆ ಟಾರ್ಚು ಬಿಟ್ಟು ನೋಡಿ
ಚಹಾ ಕುಡಿದು ಹೋಗಿದ್ದ.
ಹಾಳೆಯ ಮೊದಲ ಸ್ವರ ಅದೇ ಜೋಡಿ.
ಒತ್ತಿದರೆ ಟಕ್, ಮರ ಮರಕ್ಕೆ ತಾಗಿದ ಸದ್ದು.
ನಾವು ಹಾಗೇ ಹೊರಡುತ್ತಿದ್ದೆವು,
ಕಟ್ಟೆಗೊಮ್ಮೆ ಬಡಿದು.

ಸೇತುವೆ ಬಂತು. ಜಂಗಲು ಬಿಚ್ಚಿ ಹಲಗೆ ಮಾರಿದರು.
ಅಪ್ಪ ಬೈತಖೋಲದಲ್ಲಿ ಐಸ್ ಲೆಕ್ಕ ಬರೆಯಲು ನಿಂತ.
ನನಗೆ ನಲವತ್ತೊಂದು ನಡೆಯುವಾಗ, ಧಾರವಾಡದಲ್ಲಿ,
ಯಾರದೋ ಮನೆಯ ರೆಕಾರ್ಡಿನಲ್ಲಿ ಅದನ್ನು ಇಡಿಯಾಗಿ ಕೇಳಿದೆ.
ಸೂಜಿ ಇಳಿಯಿತು.
ತಳದಿಂದ ಗಂಟೆಯಂತೆ ಎದ್ದಿತು ಆ ಸ್ವರ.
ಬೆಚ್ಚಿಬಿದ್ದೆ,
ಕತ್ತಲಲ್ಲಿ ನಮ್ಮ ಜಂಗಲಿಗೆ ಯಾರೋ
ಕೇಳದೆ ಹತ್ತಿ ಕೂತ ಹಾಗೆ.