ಎಂಬತ್ತು ಇಪ್ಪತ್ತು

ಲಿಂಗರಾಜಪುರದ ಮೇಲ್ಸೇತುವೆ ಇಳಿದು ಎಡಕ್ಕೆ ಹೊರಳಿದರೆ
ಹೆಸರಿನ ಹಲಗೆಗೂ ಮೊದಲು ಮೂಗಿಗೆ ಸಿಗುತ್ತದೆ ನಮ್ಮ ಅಂಗಡಿ.
ಅಪ್ಪ ಇನ್ನಾಸಪ್ಪ ಹಾಕಿದ್ದು.
ಹುರಿಯುವ ಡ್ರಮ್ಮನ್ನು ಆಗ ಕೈಯಲ್ಲೇ ತಿರುಗಿಸಬೇಕು;
ಬೀಜ ಚಟಪಟ ಅಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು,
ಎದುರಿಗೆ ಯಾರೇ ಇರಲಿ, ಸಾಲ ಕೊಟ್ಟವನೇ ಇರಲಿ.
ಎರಡನೇ ಸಿಡಿತಕ್ಕೆ ಮೊದಲು ಇಳಿಸಬೇಕು,
ಆಮೇಲಿನದು ಇದ್ದಿಲ ವ್ಯಾಪಾರ, ಅನ್ನುತ್ತಿದ್ದರು.

ಭಾನುವಾರ ಮಾತ್ರ ಬಾಗಿಲು ತೆರೆಯಲಿಲ್ಲ.
ಪೂಜೆ ಮುಗಿಸಿ ಬಂದವರು ಶಟರ್ ಬಡಿದು
‘ಕಾಲು ಕೇಜಿ ಕೊಡಪ್ಪ, ಬೀಗರು ಬಂದಿದ್ದಾರೆ’ ಅಂದರೂ
‘ನಾಳೆ ಬನ್ನಿ, ಬೀಗರನ್ನೂ ಕರೆತನ್ನಿ.’

ಅವರು ಮಣ್ಣಾದ ವರ್ಷವೇ ನಾನು ಭಾನುವಾರ ತೆರೆದೆ.
ವಾರದ ಗಳಿಕೆಯ ಮೂರರಲ್ಲೊಂದು ಪಾಲು ಅದೊಂದೇ ಬೆಳಿಗ್ಗೆ.
ಚರ್ಚಿನ ಗಂಟೆಗೆ ಸರಿಯಾಗಿ ಗ್ರೈಂಡರ್ ಹಾಕುತ್ತಿದ್ದೆ,
ಸದ್ದಿಗೆ ಸದ್ದು.
ಒಂದು ಕೋಪವೂ ಇತ್ತು, ಸಣ್ಣದು, ಹೇಳಲು ನಾಚಿಕೆ:
ಚರ್ಚಿನ ಹಬ್ಬಕ್ಕೆ ಮೂವತ್ತು ವರ್ಷ ನಮ್ಮ ಪುಡಿಯೇ ಹೋಗುತ್ತಿತ್ತು.
ಹೊಸ ಸಮಿತಿ ಗುಂಡಿ ಒತ್ತಿದರೆ ಕಾಫಿ ಸುರಿಯುವ ಮೆಷಿನ್ನು ತರಿಸಿತು.
ಬರೀ ನೊರೆಯ ಆ ಕಾಗದದ ಲೋಟವನ್ನು
ಮಾತೆಯ ಗವಿಯ ಕಟ್ಟೆಯ ಮೇಲಿಟ್ಟು ಗೇಟು ದಾಟಿದವನು
ಹನ್ನೊಂದು ವರ್ಷ ಒಳಗೆ ಹೋಗಲಿಲ್ಲ.
ದೇವರ ಮೇಲೆ ಸಂದೇಹವೇ ಎಂದು ಯಾರಾದರೂ ಕೇಳಿದರೆ
ಹೂಂ ಅಂದುಬಿಡುತ್ತಿದ್ದೆ. ಅದಕ್ಕೆ ಮರ್ಯಾದೆ ಹೆಚ್ಚು.

ಸೆಲಿನಾ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದಳು.
ನನಗೆ ಒಂದು ಮಾತೂ ಅನ್ನಲಿಲ್ಲ.
ವಿಭೂತಿ ಬುಧವಾರ ಹಣೆಯ ಬೂದಿ ಒರೆಸದೆ
ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುತ್ತಿದ್ದಳು, ಅಷ್ಟೇ.

ಬೀಜದ ಬೆಲೆ ಏರಿದ ವರ್ಷ
ಹಲಗೆಯಲ್ಲಿ ಎಂಬತ್ತು ಇಪ್ಪತ್ತು,
ಪೊಟ್ಟಣದೊಳಗೆ ಎಪ್ಪತ್ತು ಮೂವತ್ತು.
ಚಿಕೋರಿ ಬಣ್ಣ ಬಿಡುತ್ತದೆ. ಗಿರಾಕಿಗಳು ಹೊಗಳಿದರು ಕೂಡ,
‘ಈಚೆಗೆ ಡಿಕಾಕ್ಷನ್ ಎಷ್ಟು ಗಟ್ಟಿ!’
ಕಂಡುಹಿಡಿದವರು ಒಬ್ಬರೇ, ಅಪ್ಪನ ಕಾಲದ ಗಿರಾಕಿ ಆರೋಗ್ಯಮ್ಮ.
ಪೊಟ್ಟಣ ತಂದು ಕೌಂಟರಿನ ಮೇಲಿಟ್ಟರು.
ದುಡ್ಡು ಕೇಳಲಿಲ್ಲ.
‘ನೀನು ಇನ್ನಾಸಪ್ಪನ ಮಗ ಅಲ್ವಾ?’ ಅಂದರು,
ನಿಜಕ್ಕೂ ನೆನಪಾಗದವರ ಹಾಗೆ.

ಆ ಶನಿವಾರ ಸಂಜೆ ಪಾಪನಿವೇದನೆಯ ಸಾಲಿನಲ್ಲಿ ನಿಂತೆ.
ಜಾಲರಿಯಾಚೆ ಹೊಸ ಫಾದರು, ಎಳೆಯ ದನಿ, ನೆಗಡಿ.
ಹನ್ನೊಂದು ವರ್ಷ, ಅಂದೆ. ಚಿಕೋರಿ, ಅಂದೆ.
ಸ್ವಲ್ಪ ಹೊತ್ತಾದ ಮೇಲೆ: ‘ಚಿಕೋರಿ ಅಂದರೆ?’
ಪಾಪ, ಅವರು ಚಹಾ ಕುಡಿಯುವವರು.
ಮಂಡಿಯೂರಿಕೊಂಡೇ ವಿವರಿಸಿದೆ:
ಅದೊಂದು ಬೇರು, ಹುರಿಯುತ್ತಾರೆ, ಕಹಿ, ಅಗ್ಗ.
ಹಿಂದೆ ಸಾಲಿನಲ್ಲಿದ್ದವರು ಕೆಮ್ಮತೊಡಗಿದರು.
‘ಹಲಗೆ ತಿದ್ದುತ್ತೀರೋ, ಪುಡಿ ತಿದ್ದುತ್ತೀರೋ, ನಿಮಗೆ ಬಿಟ್ಟದ್ದು.
ಎರಡೂ ಒಂದೇ ಮಾತು ಹೇಳಲಿ.’
ಮೂರು ನಮೋ ಮರಿಯ.

ಹಲಗೆ ತಿದ್ದಿದೆ. ಪುಡಿ ತಿದ್ದುವಷ್ಟು ದುಡ್ಡು ಇನ್ನೂ ಇಲ್ಲ.
ಸೀಮೆಸುಣ್ಣದ ಏಳು ಸೊಟ್ಟಗಾಯಿತು.
ಕಾಯಂ ಹೋಟೆಲು ಒಂದು ಕೈಬಿಟ್ಟಿತು,
ಮಗ ರೋಷನ್ ಲೆಕ್ಕ ತೋರಿಸಿ ಹುಬ್ಬು ಗಂಟಿಕ್ಕಿದ.
ಭಾನುವಾರ ಈಗ ಹತ್ತೂವರೆಗೆ ತೆರೆಯುತ್ತೇನೆ;
ಅಪ್ಪನಷ್ಟು ಗಟ್ಟಿ ಹುರಿದವನಲ್ಲ ನಾನು.

ಮೊದಲ ಪೂಜೆಯ ದಿನ ಉತ್ತರದ ಮಾತುಗಳು ಬದಲಾಗಿದ್ದವು.
ಎಲ್ಲರೂ ಹೊಸದು ಹೇಳುವಾಗ ನನ್ನ ಬಾಯಲ್ಲಿ ಹಳೆಯದು,
ಜೋರಾಗಿ, ಒಂಟಿಯಾಗಿ.
ಮಗಳು ಜೋವಿಟಾ ನೆಲ ನೋಡಿದಳು.
ಮುಂದಿನ ಬೆಂಚಿನಿಂದ ಇನ್ನೊಂದು ದನಿ,
ಅದೇ ಹಳೆಯ ಮಾತು, ಎರಡು ಕ್ಷಣ ತಡವಾಗಿ, ಹಲ್ಲಿಲ್ಲದೆ.
ಆರೋಗ್ಯಮ್ಮ ತಿರುಗಿ ನೋಡಲಿಲ್ಲ.

ಹೊರಗೆ ಬೇವಿನ ಮರದಡಿ ಮೆಷಿನ್ನು ಇನ್ನೂ ಇತ್ತು.
ಸೆಲಿನಾ ನೋಡುತ್ತಿದ್ದಳು.
ಗುಂಡಿ ಒತ್ತಿದೆ.
ಕೆಟ್ಟದಾಗಿತ್ತು.
ಪೂರ್ತಿ ಕುಡಿದೆ.