ಮಂಚದ ಬೆನ್ನು

ಹತ್ತು ಅಡಿ, ಹನ್ನೊಂದು ಅಡಿ.
ಮೌನೇಶಾಚಾರ್ರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು
ಗೋಡೆಯನ್ನು ಎರಡು ಸಲ ಬಡಿದು ನೋಡಿದರು
ಕಲ್ಲಂಗಡಿ ಕೊಳ್ಳುವವರ ಹಾಗೆ.
"ಗಟ್ಟಿ ಐತೆ ಕಣಮ್ಮ. ಮಂಚ ನಿಂದ್ರಿಸಬಹುದು."

ನಿಂದ್ರಿಸುವುದು!
ಅತ್ತೆ ಹಾಲಮ್ಮನಿಗೆ ಎಂಟು ದಿನ ಅದು ಅರಗಲಿಲ್ಲ.
"ಕುದ್ರೆ ನಿಂತ್ಕಂಡು ಮಲಗ್ತಾವೆ, ಒಪ್ಪಿದೆ.
ಮಂಚ ನಿಂತ್ಕಂಡು ಮಲಗೋದು ಯಾವ ಊರಾಗೆ?
ನಡುರಾತ್ರಿ ಬಾಯಿ ಮುಚ್ಚಿತು ಅಂದ್ರೆ
ಸುಣ್ಣದ ಡಬ್ಬಿ ಮುಚ್ಚಳ ಬಿದ್ದಂಗೆ, ಒಳಗೇ ನೀವು."
ಕಂಬಳಿ ಕೊಡವಿ ಬಾಗಿಲ ಬಳಿ ಮಲಗಿದವರು
ಅಲ್ಲಿಂದ ಏಳಲಿಲ್ಲ.

ಕೆ.ಟಿ.ಜೆ. ನಗರ, ಮೂರನೇ ಮಹಡಿ.
ರಾತ್ರಿ ಹತ್ತಕ್ಕೆ ಹೊಲಿಗೆ ಮಿಷನ್ನು ಓಣಿಯಂಥ ಅಡುಗೆಮನೆಗೆ,
ಬಟ್ಟೆಚೂರು ಚೀಲಕ್ಕೆ,
ನೆಲದ ಮೇಲೆ ಆಯಸ್ಕಾಂತ ಆಡಿಸಿ
ಬಿದ್ದ ಪಿನ್ನೆಲ್ಲ ಹೆಕ್ಕಿ
ಆಮೇಲೆ ಹಿಡಿಕೆ ಎಳೆದರೆ
ಉಸ್ಸೆಂದು ಇಳಿಯುತ್ತದೆ, ದಣಿದ ಎಮ್ಮೆ ಕೂತಂತೆ.

ಹಗಲು ಅದರ ಬೆನ್ನು ನನ್ನ ಕಡೆಗೆ.
ಸನ್‌ಮೈಕಾಕ್ಕೆ ದುಡ್ಡು ಸಾಲದೆ ಬರೀ ಪ್ಲೈವುಡ್ಡು.
ಅಳತೆ ಪುಸ್ತಕ ಯಾವಾಗಲೂ ಯಾವುದೋ ಬಟ್ಟೆಯಡಿ,
ಹಾಗಾಗಿ ಸೀಮೆಸುಣ್ಣದಲ್ಲಿ ಅಲ್ಲೇ ಬರೆಯತೊಡಗಿದೆ:
ಶಾಂಭವಿ ಟೀಚರ್, ಎದೆ ಮೂವತ್ತಾರು, ತೋಳು ಒಂಬತ್ತು.
ರುಕಿಯಾ, ತೋಳು ಮಣಿಕಟ್ಟಿನವರೆಗೆ, ಕತ್ತು ಮುಚ್ಚಿ.
ಗೌರಜ್ಜಿ, ಹುಕ್ಕು ಮುಂದೆ, ಬಾಕಿ ನೂರೈವತ್ತು.
ಗೌರಜ್ಜಿ, ಮತ್ತೆ, ಬಾಕಿ ನೂರೈವತ್ತು.
ಅಂಚಿನಲ್ಲಿ ಮಗಳು ಇಂಚರಾಳ ಎತ್ತರ,
ಯುಗಾದಿಗೊಂದು ಗೆರೆ.
(ಇಂಚು ಅಂತಲೇ ಕರೆಯುವುದು. ಟೈಲರ್ ಮಗಳಲ್ಲವೇ.)

ರಾತ್ರಿ ಅವರೆಲ್ಲ ನಮ್ಮಡಿಯಲ್ಲಿ ಬೋರಲು,
ಆ ತೋಳು, ಆ ಬಾಕಿ,
ನಿಂತು ಬೆಳೆದ ಗೆರೆಗಳೂ ಅಡ್ಡ ಮಲಗಿ.
"ಇಡೀ ಓಣಿ ಮೇಲೆ ಮಲಗಿದಂಗೈತೆ," ಎಂದ ಕೊಟ್ರೇಶ
ಡಿಪೋದ ಗ್ರೀಸು ಇನ್ನೂ ಉಗುರಲ್ಲಿ.
ಚಿವುಟಿದೆ.

ವೈಶಾಖ. ಹನ್ನೆರಡು ಬ್ಲೌಸು, ಮೂರು ಮದುವೆ.
ಬೆಳಗ್ಗೆ ಎತ್ತಿದೆ, ಠಪ್ಪೆಂದಿತು ಏನೋ.
ಗ್ಯಾಸಿನ ಕೋಲು ಸತ್ತಿದೆ.
ಬಸ್ಸಿನಡಿ ಹೆಗಲು ಕೊಡುವವನು ಎತ್ತಿದರೆ ಏಳುತ್ತದೆ,
ಬಿಟ್ಟರೆ ಬೀಳುತ್ತದೆ.
ಆಚಾರ್ರು ಹರಿಹರದಲ್ಲಿ, ತಂಗಿಯ ಗೃಹಪ್ರವೇಶ, ಎರಡು ದಿನ.

ಎರಡು ದಿನ ನಮ್ಮ ಮನೆ ಎಂದರೆ ಮಂಚ.
ಗಿರಾಕಿಗಳು ಕಾಲು ಮಡಿಸಿ ಅದರ ಮೇಲೇ ಕೂತರು,
ಪೇಪರ್ ಹಾಸಿ ಮಂಡಕ್ಕಿ ಸುರಿದು ಮಿರ್ಚಿ ಕಚ್ಚಿ
ಅವಸರವಿದ್ದವರೂ ಅವಸರ ಮರೆತರು.
ಹಾಲಮ್ಮ ಬಂದು ಒತ್ತಿ ನೋಡಿದರು.
"ಇನ್ನ ಮುಚ್ಚಲ್ಲ ಅಂತ ಗ್ಯಾರಂಟಿ ಆತಲ್ಲ" ಎಂದು
ಹತ್ತಿ ಮಲಗಿ
ಸಂಜೆವರೆಗೆ ಗೊರಕೆ.

ನನ್ನ ಅಳತೆಗಳೆಲ್ಲ ಕೆಳಗೆ.
ಮೊಬೈಲು ಟಾರ್ಚು ಹಿಡಿದು ಅಂಗಾತ ನುಸುಳಿದೆ,
ಮೇಲೆ ಅತ್ತೆಯ ಭಾರಕ್ಕೆ ಹಲಗೆ ಕಿರ್ರೆನ್ನುತ್ತಿತ್ತು.
ಶಾಂಭವಿ, ಒಂಬತ್ತು. ರುಕಿಯಾ, ಇಪ್ಪತ್ತೆರಡು.
ಮೂಲೆಯಲ್ಲಿ ಇನ್ನೊಂದು ಕೈಬರಹ,
ಮಲಗಿಕೊಂಡೇ ಬರೆದದ್ದು:

*ಅಮ್ಮ.*
*ಮಲಗಿದಾಗ ಐವತ್ತೊಂಬತ್ತು.*
*ನಿಂತಾಗ ಗೊತ್ತಿಲ್ಲ, ನಿಲ್ಲಲ್ಲ.*
*ಬಾಕಿ: ಕಥೆ ಎರಡು.*

ಒಂದು ದಿನ ಎದ್ದಾಗ ಕಾಲ ಬಳಿ ಟೇಪು ಬಿದ್ದಿತ್ತು.
ಎಲ್ಲೆಂದರಲ್ಲಿ ಬಿಸಾಕ್ತೀಯ ಅಂತ ಬೈದಿದ್ದೆ.

ಆಚಾರ್ರು ಬಂದರು, ಕೋಲಿಗೆ ಸಾವಿರದ ನೂರು, ಎರಡು ಕೋಲು.
"ಈ ಗೀಚಿದ್ದೆಲ್ಲ ಉಜ್ಜಿ ವಾರ್ನಿಷ್ ಹೊಡೀಲೇನಮ್ಮ?"
"ಟೀಚರ್ದು ಇವತ್ತೇ ಕೊಡಬೇಕು. ಮೊದ್ಲು ಎತ್ತಿ."

ಎದ್ದಿತು.
ಹಾಲಮ್ಮ ಗೊಣಗುತ್ತ ಕಂಬಳಿಗೆ ಮರಳಿದರು.
ಗೌರಜ್ಜಿಯ ನೂರೈವತ್ತರ ಕೆಳಗೆ
ನಾನೂ ಎದ್ದಿದ್ದೆ,
ಮೊಣಕಾಲೆತ್ತರದಲ್ಲಿ, ತಲೆಕೆಳಗಾಗಿ.
ಓದಬೇಕೆಂದರೆ ಮಿಷನ್ನು ಬಿಟ್ಟು
ಬಗ್ಗಿ, ಕತ್ತು ತಿರುಗಿಸಿ
ಒಂದು ಗಳಿಗೆ
ನಿಲ್ಲಬೇಕು.