ಎಂಟು ಮನೆಗೆ ಒಂದೇ ತಂತಿ

ಕದ್ದು ಕೇಳಿದ್ದು ತಪ್ಪೇ ಬಿಡಿ.
ಆದರೆ ಮಿಸೌರಿಯ ಆ ಮೂಲೆಯಲ್ಲಿ
ಎಂಟು ಮನೆಗೆ ಒಂದೇ ಟೆಲಿಫೋನ್ ತಂತಿ;
ಎರಡು ಉದ್ದ, ಒಂದು ಗಿಡ್ಡ ಗಂಟೆಯೆಂದರೆ ಟ್ಯಾಕೆಟ್‌ರ ಮನೆಗೆ,
ಎತ್ತುವವರು ಮಾತ್ರ ಎಲ್ಲರೂ.

ಮೆಂಫಿಸ್‌ನಿಂದ ಗಂಡು ದನಿ:
"ನಿನ್ನ ನಾಲ್ಕನೇ ಕಾಗದವೂ ಬಂತು.
ಹುಡುಗಿ ಇಂಥದನ್ನು ಹಾಡಿದರೆ ಕೊಳ್ಳುವವರು ಯಾರು, ಹೇಳು?"
ವರ್ಲೀನ್ ಹೇಳಲಿಲ್ಲ.
ರಿಸೀವರನ್ನು ಹಿಟ್ಟಿನ ಡಬ್ಬದ ಮೇಲಿಟ್ಟ ಸದ್ದು,
ಕುರ್ಚಿ ಎಳೆದ ಸದ್ದು,
ಆಮೇಲೆ ಗಿಟಾರು,
ಹಳಿ ತಪ್ಪಿದ ರೈಲು ನಿಲ್ಲದೆ ಓಡಿದ ಹಾಗೆ.

ಹದಿನೇಳು ತುಂಬಿರಲಿಲ್ಲ. ಹತ್ತಿ ಬಿಡಿಸಿ ಬಿರಿದ ಬೆರಳು.
ಸಾಲಿನ ನಡುವೆ ಬಿಕ್ಕಳಿಕೆಯಂತೆ ದನಿ ಒಡೆಯುತ್ತಿತ್ತು,
ಒಡೆಯಲೆಂದೇ ಕಾಯುತ್ತಿದ್ದೆ ನಾನು.

ಎರಡನೇ ಚರಣಕ್ಕೆ ಕ್ಲಿಕ್: ಬೈರಮ್ ಮನೆಯವರು.
ಕ್ಲಿಕ್: ಮುದುಕಿ ಓಪಲ್.
ಹಸು ಈಯುತ್ತಿದೆ, ಡಾಕ್ಟರು ಬೇಕೆಂದು ಎತ್ತಿದವಳು
ಬಾಯಿ ಮುಚ್ಚಿ ನಿಂತಳು.
ನನ್ನ ಒಲೆಯ ಮೇಲೆ ಬೀನ್ಸ್ ಸೀದು ಹೋಯಿತು.

ಮುಗಿಯಿತು. ತಂತಿಯ ತುಂಬ ಬರೀ ಉಸಿರು.
"ಕಾಲು ಕುಟ್ಟಿದವರು ಯಾರು?" ಅವನು ಕೇಳಿದ.
"ಒಬ್ಬಳೇ ಇದ್ದೀನಿ ಸರ್."
ಓಪಲ್ ಕೆಮ್ಮಿದಳು. ಅವನು ನಕ್ಕುಬಿಟ್ಟ:
"ಸರಿ, ಗಿರಾಕಿಗಳು ಆಗಲೇ ಸಾಲಲ್ಲಿದ್ದಾರೆ."

ತಟ್ಟೆಗೆ ಒಂದೂವರೆ ಸೆಂಟು ಎಂದು ಕರಾರು ಅಂಚೆಯಲ್ಲಿ ಬಂತು.
ಮಗಳ ಪರವಾಗಿ ಅಪ್ಪ ಸಹಿ ಹಾಕಬೇಕು;
ಮೂರು ದಿನ ಪೆನ್ನು ಸಿಗಲಿಲ್ಲವಂತೆ ಅವನಿಗೆ.
ನಾಲ್ಕನೇ ದಿನ ನಾನೇ ಒಯ್ದು ಕೊಟ್ಟೆ.

ಆ ತಟ್ಟೆ ಈಗಲೂ ನನ್ನಲ್ಲಿದೆ. ಡ್ರಮ್ಮು ಸೇರಿಸಿದ್ದಾರೆ,
ಚೆನ್ನಾಗಿಯೇ ಇದೆ.
ಓಪಲ್‌ಳ ಕೆಮ್ಮು ಬರಬೇಕಾದಲ್ಲಿ ಮಾತ್ರ
ಪ್ರತಿಸಲ ಕಿವಿ ಕಾಯುತ್ತದೆ.
ಕಾಲು ನನ್ನದೇ ಆಗಿತ್ತು.